ಇಪ್ಪತ್ತು ಸಾವಿರ ದಿನಗಳ ಸ್ಕ್ರೂಡ್ರೈವರ್

ಎರವಲು ಕೊಟ್ಟ ವಸ್ತು ಮರಳಿ ಬರುವುದಿಲ್ಲ ಎಂಬುದು ನನಗೆ ಅನುಭವದಿಂದಲೇ ತಿಳಿದಿತ್ತು. ಅದನ್ನು ಮರಳಿ ಪಡೆಯಲು ಆಪ್ ಒಂದನ್ನು ಕಟ್ಟಬಹುದು ಎಂಬುದು ಮಾತ್ರ ಗೆಳೆಯರಿಂದ ತಿಳಿಯಿತು. ಒಂದು ಶುಕ್ರವಾರ ರಾತ್ರಿ ನಾವು ನಾಲ್ವರು ವಿಡಿಯೊ ಕರೆಯಲ್ಲಿ ಹರಟುತ್ತಿದ್ದಾಗ, ನನ್ನ ಪುಸ್ತಕವೊಂದು ನಿಮ್ಮಲ್ಲಿ ಯಾರ ಬಳಿ ಇದೆ ಎಂದು ಕೇಳಿದೆ. ಮೂವರೂ ಒಟ್ಟಿಗೆ ಮೌನವಾದರು. ಆ ಮೌನದಿಂದ ಮೊದಲು ಚೇತರಿಸಿಕೊಂಡವನು ಮಾತನ್ನು ಪುಸ್ತಕದಿಂದ ತಂತ್ರಜ್ಞಾನದ ಕಡೆಗೆ ಜಾಣತನದಿಂದ ತಿರುಗಿಸಿ, "ಇದಕ್ಕೊಂದು ಆಪ್ ಮಾಡೋಣ" ಎಂದ. ಯಾವ ವಸ್ತು, ಯಾರಿಗೆ ಕೊಟ್ಟದ್ದು, ಯಾವಾಗ ಮರಳಿಸಬೇಕು ಎಂಬಷ್ಟನ್ನು ಬರೆದಿಟ್ಟುಕೊಂಡು, ಗಡುವು ಮೀರಿದಾಗ ಪಡೆದವರ ಫೋನಿಗೆ ನೆನಪೋಲೆ ಕಳಿಸುವುದು ಅದರ ಕೆಲಸ. ಕೊಟ್ಟವರು ಬಾಯಿಬಿಟ್ಟು ಕೇಳುವ ಮುಜುಗರ ತಪ್ಪುತ್ತದೆ. ಬೈಸಿಕೊಳ್ಳುವುದಾದರೆ ಆಪ್ ಬೈಸಿಕೊಳ್ಳುತ್ತದೆ.

ಎರಡು ವಾರಾಂತ್ಯಗಳಲ್ಲಿ ಮುಗಿಯುವ ಕೆಲಸ ಎಂದು ಅವನೇ ಅಂದಾಜು ಕೊಟ್ಟ. ಅಂದಿನಿಂದ ಅವನನ್ನು ನಾವು ಯೋಜನೆಗಾರ ಎಂದು ಕರೆಯತೊಡಗಿದೆವು, ಏಕೆಂದರೆ ಯೋಜನೆಯನ್ನು ಬಿಟ್ಟು ಬೇರೇನನ್ನೂ ಅವನು ಮಾಡಲಿಲ್ಲ. ನಮ್ಮ ಮುಖದಲ್ಲಿ ಸಂಶಯ ಕಂಡಾಗಲೆಲ್ಲ, 1995ರಲ್ಲಿ ಬ್ರೆಂಡನ್ ಐಕ್ ಎಂಬ ಪ್ರೋಗ್ರಾಮರ್ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಬರೆದು ಮುಗಿಸಿದ ಕಥೆಯನ್ನು ಹೇಳುತ್ತಿದ್ದ. ಒಬ್ಬನೇ ಹತ್ತು ದಿನದಲ್ಲಿ ಇಡೀ ಭಾಷೆಯನ್ನು ಕಟ್ಟಿದರೆ, ಅದೇ ಭಾಷೆಯಲ್ಲಿ ನಾಲ್ವರು ಸೇರಿ ನಾಲ್ಕು ದಿನದಲ್ಲಿ ಒಂದು ಪಟ್ಟಿಯನ್ನು ಕಟ್ಟಲಾರೆವೇ ಎಂಬುದು ಅವನ ವಾದ. ಹತ್ತು ದಿನದ ಆ ಅವಸರದ ಫಲವನ್ನು ಮುಂದೆ ನಾವೇ ಉಣ್ಣಬೇಕಾಗುತ್ತದೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಮೊದಲ ವಾರಾಂತ್ಯ ಆಪಿನ ಹೆಸರನ್ನು ಹುಡುಕುವುದರಲ್ಲಿ ಕಳೆಯಿತು. ನಮಗೆ ಹೊಳೆದ ಹೆಸರೆಲ್ಲ ನಮಗಿಂತ ಮೊದಲೇ ಯಾರಿಗೋ ಹೊಳೆದಿತ್ತು. ಎರಡನೆಯ ವಾರಾಂತ್ಯವನ್ನು ಲೋಗೊ ನುಂಗಿತು. ವಿನ್ಯಾಸದ ಹೊಣೆ ಹೊತ್ತ ಗೆಳತಿ ಮೂರನೆಯ ವಾರಾಂತ್ಯದಲ್ಲಿ ಡಾರ್ಕ್ ಮೋಡನ್ನು ಅತ್ಯಂತ ಅಚ್ಚುಕಟ್ಟಾಗಿ ಮುಗಿಸಿದಳು. ಆ ಹೊತ್ತಿಗೆ ಆಪಿನಲ್ಲಿ ಇದ್ದದ್ದು ಒಂದು ಖಾಲಿ ಪರದೆ, ಆದ್ದರಿಂದ ಖಾಲಿ ಬಿಳಿ ಪರದೆಯನ್ನು ಖಾಲಿ ಕಪ್ಪು ಪರದೆಯಾಗಿ ಬದಲಿಸುವ ಸೌಲಭ್ಯವನ್ನು ನಾವು ಹೆಮ್ಮೆಯಿಂದ ನೋಡಿ ನಲಿದೆವು.

ಫಾರ್ಮುಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ಯಾರಿಗೆ" ಎಂಬ ಜಾಗವನ್ನು ತುಂಬುವುದು ಕಡ್ಡಾಯವೋ ಐಚ್ಛಿಕವೋ ಎಂಬ ಬಗ್ಗೆ ನಾವು ನಡೆಸಿದಷ್ಟು ದೀರ್ಘ ಚರ್ಚೆಯನ್ನು ನನ್ನ ಉದ್ಯೋಗದಲ್ಲಿಯೂ ನಾನು ಕಂಡಿಲ್ಲ. ಕೊಟ್ಟದ್ದು ನೆನಪಿದ್ದು ಯಾರಿಗೆಂಬುದು ಮರೆತುಹೋಗಿರಬಹುದಲ್ಲ ಎಂದು ಗೆಳತಿ ಕೇಳಿದಳು. ಯಾರಿಗೆ ಕೊಟ್ಟೆ ಎಂಬುದೇ ತಿಳಿಯದವನು ಆಪ್ ಬಳಸುವ ಅರ್ಹತೆಯನ್ನೇ ಕಳೆದುಕೊಂಡಿದ್ದಾನೆ ಎಂದು ನಾನು ಕಟುವಾಗಿ ವಾದಿಸಿ, ರಾತ್ರಿ ಒಂದೂವರೆಗೆ ಗೆದ್ದೆ. ಆ ಜಾಗದ ಪಕ್ಕದಲ್ಲಿ ಕೆಂಪು ನಕ್ಷತ್ರ ಬಂತು. ಸೋತವರ ಸಮಾಧಾನಕ್ಕೆಂದು ಮರಳಿಸುವ ದಿನಾಂಕವನ್ನು ಮಾತ್ರ ಐಚ್ಛಿಕವಾಗಿ ಬಿಟ್ಟೆವು.

ನಾಲ್ವರೂ ಬೇರೆ ಬೇರೆ ಕಡೆ ಕುಳಿತು ಬರೆದ ಕೋಡನ್ನು ಕೂಡಿಸಲು ಗಿಟ್ ಬಳಸುತ್ತಿದ್ದೆವು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ಲಿಗಾಗಿ ಜಗತ್ತಿನ ಮೂಲೆಮೂಲೆಗಳಿಂದ ಕೋಡ್ ಕಳಿಸುವವರ ಕೆಲಸವನ್ನು ಸಂಭಾಳಿಸಲೆಂದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಸಾಧನ ಅದು. ಅಷ್ಟು ಜನರನ್ನು ಸುಧಾರಿಸಿದ ಗಿಟ್‌ಗೆ ನಮ್ಮ ನಾಲ್ವರನ್ನು ಸುಧಾರಿಸಲಾಗಲಿಲ್ಲ. "ನಮ್ಮ ಬಗ್ಗೆ" ಎಂಬ ಪುಟದಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬುದನ್ನು ಯೋಜನೆಗಾರನೂ ಸರ್ವರ್ ನೋಡಿಕೊಳ್ಳುವ ಗೆಳೆಯನೂ ಒಂದೇ ರಾತ್ರಿ, ಪರಸ್ಪರ ಹೇಳದೆ, ತಂತಮ್ಮ ಪರವಾಗಿ ತಿದ್ದಿದರು. ಒಂದೇ ಸಾಲನ್ನು ಇಬ್ಬರು ತಿದ್ದಿದಾಗ ಗಿಟ್ ತಾನಾಗಿ ತೀರ್ಪು ಕೊಡುವುದಿಲ್ಲ. ಎರಡೂ ರೂಪಗಳನ್ನು ಒಂದರ ಕೆಳಗೊಂದು ಇಟ್ಟು, ನಡುವೆ ಸಮಚಿಹ್ನೆಗಳ ಬೇಲಿ ಹಾಕಿ, ಮೇಲೆ ಕೆಳಗೆ ಏಳೇಳು ಬಾಣದ ಗುರುತು ನೆಟ್ಟು, ನೀವೇ ಇತ್ಯರ್ಥ ಮಾಡಿಕೊಳ್ಳಿ ಎಂದು ದೂರ ನಿಲ್ಲುತ್ತದೆ. ಇತ್ಯರ್ಥ ಮಾಡುವುದನ್ನು ಇಬ್ಬರೂ ಮರೆತರು. ಆ ಪುಟ ಬರಿಯ ಪಠ್ಯವಾದ್ದರಿಂದ ಯಾವ ದೋಷಸಂದೇಶವೂ ಬರದೆ, ಬಾಣ, ಬೇಲಿಗಳ ಸಮೇತ ಇಬ್ಬರ ಅಹಂಕಾರವೂ ಆಪಿನೊಳಗೆ ಪ್ರಕಟವಾಯಿತು. ಅದನ್ನು ನೋಡಿದವರೊಬ್ಬರು ವಿನ್ಯಾಸ ಬಹಳ ಆಧುನಿಕವಾಗಿದೆ ಎಂದು ಹೊಗಳಿದ್ದರಿಂದ ಒಂದು ವಾರ ಹಾಗೆಯೇ ಬಿಟ್ಟಿದ್ದೆವು.

ಲೋಗೊ ನನ್ನ ಕಂಪ್ಯೂಟರಿನಲ್ಲಿ ಮಾತ್ರ ಕಾಣಿಸುತ್ತಿತ್ತು, ಸರ್ವರಿಗೆ ಏರಿಸಿದಾಗ ಮಾಯವಾಗುತ್ತಿತ್ತು. ಕಡತದ ಹೆಸರಿನ ಮೊದಲಕ್ಷರವನ್ನು ನಾನು ದೊಡ್ಡ ಎಲ್‌ನಲ್ಲಿಯೂ ಕೋಡಿನಲ್ಲಿ ಚಿಕ್ಕ ಎಲ್‌ನಲ್ಲಿಯೂ ಬರೆದಿದ್ದೆ. ನನ್ನ ಕಂಪ್ಯೂಟರಿನ ವಿಂಡೋಸ್ ಎರಡನ್ನೂ ಒಂದೇ ಎಂದು ಉದಾರವಾಗಿ ಒಪ್ಪುತ್ತದೆ, ಸರ್ವರಿನ ಲಿನಕ್ಸ್ ಒಪ್ಪುವುದಿಲ್ಲ. ಈ ಒಂದು ಅಕ್ಷರವನ್ನು ಕಂಡುಹಿಡಿಯಲು ಒಂದು ಭಾನುವಾರ ಹೋಯಿತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ದಿನಾಂಕಗಳ ಸಂಗತಿ ಬೇರೆ. ಜಾವಾಸ್ಕ್ರಿಪ್ಟಿನಲ್ಲಿ ತಿಂಗಳುಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ: ಜನವರಿ ಎಂದರೆ 0, ಡಿಸೆಂಬರ್ ಎಂದರೆ 11. ತಾರೀಖುಗಳು ಮಾತ್ರ ಸಭ್ಯರಂತೆ 1ರಿಂದಲೇ ಶುರುವಾಗುತ್ತವೆ. ಈ ಪದ್ಧತಿಯನ್ನು ಜಾವಾ ಭಾಷೆಯಿಂದ ಅವಸರದಲ್ಲಿ ಹಾಗೆಯೇ ಎತ್ತಿಕೊಳ್ಳಲಾಗಿತ್ತು ಎಂಬುದನ್ನು ಆಮೇಲೆ ಓದಿ, ಹತ್ತು ದಿನಗಳ ಕಥೆಯನ್ನು ಯೋಜನೆಗಾರ ಇನ್ನೆಂದೂ ಹೇಳಕೂಡದು ಎಂದು ನಿಷೇಧಿಸಿದೆವು. ನಮ್ಮ ಆಪಿನಲ್ಲಿ ಯಾರಾದರೂ ಮಾರ್ಚ್ 31ರೊಳಗೆ ಮರಳಿಸಬೇಕು ಎಂದು ಬರೆದರೆ, ಅದು ಮಾರ್ಚಿನ 3 ಎಂಬ ಅಂಕಿಯನ್ನು ಏಪ್ರಿಲ್ ಎಂದು ತಿಳಿದು, ಏಪ್ರಿಲ್‌ನಲ್ಲಿ 31ನೆಯ ತಾರೀಖು ಇಲ್ಲದ್ದರಿಂದ ಸದ್ದಿಲ್ಲದೆ ಮೇ 1ಕ್ಕೆ ದಾಟಿಕೊಳ್ಳುತ್ತಿತ್ತು. ಎರವಲು ಪಡೆದವರು ಯಾರೂ ದೂರು ಕೊಡಲಿಲ್ಲವಾದ್ದರಿಂದ ದೋಷ ಬಹಳ ದಿನ ಬೆಳಕಿಗೆ ಬರಲಿಲ್ಲ.

ಫೋನಿಗೆ ಒಂದು ರೂಪ ಬಂದೊಡನೆ, ಕಂಪ್ಯೂಟರಿಗೂ ಬೇಕೇ ಬೇಕು ಎಂದು ಯೋಜನೆಗಾರ ಪಟ್ಟುಹಿಡಿದ. ಎಲೆಕ್ಟ್ರಾನ್ ಎಂಬ ಸಾಧನ ಬಳಸಿದರೆ ಜಾಲತಾಣಕ್ಕೆ ಬರೆದ ಕೋಡನ್ನೇ ಡೆಸ್ಕ್‌ಟಾಪ್ ಆಪ್ ಆಗಿ ಕಟ್ಟಬಹುದು. ಗುಟ್ಟೇನೆಂದರೆ, ಅದು ಪ್ರತಿ ಆಪಿನೊಳಗೂ ಕ್ರೋಮಿಯಂ ಎಂಬ ಇಡೀ ಬ್ರೌಸರನ್ನೇ ಅಡಗಿಸಿ ಕಳಿಸುತ್ತದೆ. ಮೂರು ಸಾಲಿನ ನಮ್ಮ ಪಟ್ಟಿ ಹೀಗೆ ನೂರು ಎಂಬಿಯನ್ನು ಮೀರಿ ಬೆಳೆಯಿತು. ಕಷ್ಟಪಟ್ಟು ಇಳಿಸಿಕೊಂಡವರು ತೆರೆಯಲು ಹೋದರೆ, ನಾವು ಡಿಜಿಟಲ್ ಸಹಿ ಕೊಂಡು ಹಾಕಿರಲಿಲ್ಲವಾದ್ದರಿಂದ, ನೀಲಿ ಪರದೆಯೊಂದು ಎದ್ದುನಿಂತು ಅಪರಿಚಿತ ಆಪ್ ಒಂದರಿಂದ ನಿಮ್ಮ ಗಣಕವನ್ನು ಕಾಪಾಡಿದ್ದೇವೆ ಎಂದು ಘೋಷಿಸುತ್ತಿತ್ತು. ನನ್ನ ಅಕ್ಕ ಅದನ್ನು ಓದಿ ಲ್ಯಾಪ್‌ಟಾಪನ್ನು ಮಡಚಿಟ್ಟು, "ನೀನು ಕೆಲಸದಲ್ಲಿ ಸರಿಯಾಗಿದ್ದೀಯ ತಾನೆ?" ಎಂದು ಫೋನ್ ಮಾಡಿ ವಿಚಾರಿಸಿದಳು.

ಇನ್ನು ಪ್ರಕಟಣೆ. ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು ಎಂದು ತಿಳಿದೊಡನೆ ಐಫೋನ್ ನಮ್ಮ ಆದರ್ಶಗಳಿಗೆ ಹೊಂದುವುದಿಲ್ಲ ಎಂಬುದು ನಮಗೆ ಒಮ್ಮತದಿಂದ ಮನದಟ್ಟಾಯಿತು. ಗೂಗಲ್ ಪ್ಲೇಯಲ್ಲಿ ಒಮ್ಮೆ 25 ಡಾಲರ್ ಕಟ್ಟಿದರೆ ಸಾಕು. ಆದರೆ 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯವರು ಆಪನ್ನು ಎಲ್ಲರಿಗೂ ಬಿಡುವ ಮೊದಲು ಪರೀಕ್ಷಕರಿಗೆ ಕೊಟ್ಟು ನೋಡಬೇಕೆಂಬ ನಿಯಮವಿದೆ. ಮೊದಲಿಗೆ 20 ಮಂದಿ ಬೇಕಾಗಿದ್ದು, 2024ರ ಡಿಸೆಂಬರ್‌ನಲ್ಲಿ ಅದು 12ಕ್ಕೆ ಇಳಿದಿತ್ತು. ಆ ಹನ್ನೆರಡು ಮಂದಿ 14 ದಿನ ಬಿಡದೆ ಪರೀಕ್ಷೆಯಲ್ಲಿ ಉಳಿದಿರಬೇಕು. ನಿಯಮ ನ್ಯಾಯವಾದದ್ದೇ. ನಮ್ಮಂಥವರು ಇರುವುದರಿಂದಲೇ ಅದು ಬಂದಿರಬೇಕು. ನಾಲ್ವರ ಗೆಳೆಯರೆಲ್ಲ ಆಪಿನ ಹೆಸರು ಕೇಳಿದರೇ ವಿಷಯ ಬದಲಿಸುವ ಹಂತಕ್ಕೆ ಬಂದಿದ್ದರಿಂದ, ಬಂಧುಗಳಿಗೆ ದುಂಬಾಲು ಬಿದ್ದು ಹನ್ನೊಂದು ಜನರನ್ನು ಕೂಡಿಸಿದೆವು. ಹನ್ನೆರಡನೆಯವರಾಗಿ ನನ್ನ ಮಾವನವರು, ಮಗಳ ಮಾತಿಗೆ ಇಲ್ಲವೆನ್ನಲಾರದೆ, ಒಪ್ಪಿಕೊಂಡರು.

ಮಾವನವರ ಬಳಿ ನನ್ನದೊಂದು ಸ್ಕ್ರೂಡ್ರೈವರ್ ನಿಜವಾಗಿಯೂ ಇತ್ತು. ಕುರ್ಚಿಯ ಕಾಲನ್ನು ಬಿಗಿ ಮಾಡಲು ಒಯ್ದಿದ್ದರು. ಪರೀಕ್ಷೆಗೆ ಇದಕ್ಕಿಂತ ಸಹಜವಾದ ನಮೂದು ಎಲ್ಲಿ ಸಿಗುತ್ತದೆ ಎಂದುಕೊಂಡು, ವಸ್ತುವಿನ ಮುಂದೆ ಸ್ಕ್ರೂಡ್ರೈವರ್ ಎಂದೂ ಯಾರಿಗೆ ಎಂಬಲ್ಲಿ ಅವರ ಹೆಸರನ್ನೂ ಬರೆದೆ. ಮಾವನವರಿಗೆ ಗಡುವು ಹಾಕುವ ಧೈರ್ಯ ಸಾಲದೆ ದಿನಾಂಕವನ್ನು ಖಾಲಿ ಬಿಟ್ಟೆ. ಇಲ್ಲಿ ಎರಡು ವಿಷಯಗಳನ್ನು ಹೇಳಬೇಕು. ಒಂದು, ಪಟ್ಟಿಯ ಸಾಲು ಒಡೆಯಬಾರದೆಂದು ಗೆಳತಿ ವಸ್ತುವಿನ ಹೆಸರಿಗೆ 12 ಅಕ್ಷರಗಳ ಮಿತಿ ಹಾಕಿದ್ದಳು. ನಮ್ಮ ಕಣ್ಣಿಗೆ ಸ್ಕ್ರೂಡ್ರೈವರ್ ಎಂಬುದು ಹೆಚ್ಚೆಂದರೆ ನಾಲ್ಕು ಅಕ್ಷರ. ಗಣಕದಲ್ಲಿ ಲಿಪಿಗಳಿಗೆ ಸಂಕೇತ ಕೊಡುವ ಯೂನಿಕೋಡ್ ಹಾಗೆ ಎಣಿಸುವುದಿಲ್ಲ. ವ್ಯಂಜನವೊಂದು, ಹಲಂತವೊಂದು, ಸ್ವರಚಿಹ್ನೆಯೊಂದು ಎಂದು ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಅದು ಸರಿಯಾಗಿ 13 ಆಗುತ್ತದೆ, ಮತ್ತು ಹದಿಮೂರನೆಯದು ಕೊನೆಯ ರಕಾರದ ಹಲಂತ. ಎರಡು, ನಮ್ಮ ಸರ್ವರಿನಂಥ ಗಣಕಗಳು ಕಾಲವನ್ನು 1970ರ ಜನವರಿ 1ರಿಂದ ಎಣಿಸುತ್ತವೆ, ಮತ್ತು ಖಾಲಿ ದಿನಾಂಕವನ್ನು ಸರ್ವರ್ ಗೆಳೆಯನ ಕೋಡು ಸೊನ್ನೆ ಎಂದು ಓದುತ್ತಿತ್ತು.

2025ರ ಏಪ್ರಿಲ್ 5ರ ಶನಿವಾರ ಬೆಳಿಗ್ಗೆ ಆರು ಗಂಟೆಗೆ ಮಾವನವರ ಫೋನು ಗುಣುಗುಟ್ಟಿ, ಅವರ ಮುಂದೆ ಈ ಸಾಲುಗಳನ್ನು ಇಟ್ಟಿತು: "ನೀವು ಪಡೆದ ಸ್ಕ್ರೂಡ್ರೈವರ 20,183 ದಿನಗಳಿಂದ ಬಾಕಿ ಇದೆ. ದಯವಿಟ್ಟು ನಂಬಿಕೆ ಉಳಿಸಿಕೊಳ್ಳಿ." ಎರಡನೆಯ ವಾಕ್ಯ ಯೋಜನೆಗಾರನದು. ತನ್ನ ಹೆಸರನ್ನು ಬಿಟ್ಟರೆ, ಇಡೀ ಆಪಿನಲ್ಲಿ ಅವನು ಸ್ವತಃ ಬರೆದದ್ದು ಅದೊಂದೇ.

ಆರೂ ಕಾಲಿಗೆ ಕರೆ ಬಂತು. ಮಾವನವರ ದನಿ ಶಾಂತವಾಗಿತ್ತು, ಅದೇ ಭಯದ ವಿಷಯ. "ಅಳಿಯಂದಿರೇ, ಲೆಕ್ಕ ಹಾಕಿ ನೋಡಿದೆ. ಐವತ್ತೈದು ವರ್ಷ ಆಗುತ್ತದೆ. 1970ರಲ್ಲಿ ನಾನು ಎರಡನೇ ತರಗತಿಯಲ್ಲಿದ್ದೆ, ನೀವು ಹುಟ್ಟಿರಲಿಲ್ಲ. ಹಾಗಾದರೆ ನನಗೆ ಕೊಟ್ಟವರು ಯಾರು?" ಎಂದು ಕೇಳಿದರು. ಗಣಕದ ಕಾಲಗಣನೆಯನ್ನು ನಾನು ವಿವರಿಸತೊಡಗಿದೆ. ಅವರು ನಡುವೆ ತಡೆದು, "ಅದಿರಲಿ, ಇದು ಯಾವ ವರ? ವರನನ್ನು ಪಡೆದದ್ದು ನಿಜ, ಮರಳಿಸಬಹುದು ಎಂಬುದು ಗೊತ್ತಿರಲಿಲ್ಲ" ಎಂದರು. ಹಿನ್ನೆಲೆಯಲ್ಲಿ ಅತ್ತೆಯವರು ನಗುವುದು ಕೇಳಿಸಿತು. ಅದೇ ದಿನ ಸ್ಕ್ರೂಡ್ರೈವರನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ದಪ್ಪ ಅಕ್ಷರದಲ್ಲಿ ಹಲಂತ ಸಹಿತ ಹೆಸರು ಬರೆದು ಕಳಿಸಿಕೊಟ್ಟರು, ಮತ್ತು ಪರೀಕ್ಷೆಯಿಂದ ಹೊರನಡೆದರು. ಅಂದು ಹನ್ನೊಂದನೆಯ ದಿನ. ಹನ್ನೆರಡನೆಯವರೊಬ್ಬರನ್ನು ಹುಡುಕಿ ಹದಿನಾಲ್ಕು ದಿನಗಳನ್ನು ಮತ್ತೆ ಒಂದರಿಂದ ಎಣಿಸಬೇಕಾಯಿತು. ಆಪಿನಿಂದಾಗಿ ಒಂದು ವಸ್ತು ಅದರ ಮಾಲೀಕನಿಗೆ ಮರಳಿದ ಏಕೈಕ ಪ್ರಸಂಗ ಇದು ಎಂದು ಯೋಜನೆಗಾರ ಇದನ್ನು ಯಶಸ್ಸಿನ ಪಟ್ಟಿಯಲ್ಲಿ ಸೇರಿಸಿದ್ದಾನೆ.

ಈಗ ಆಪ್ ಅಂಗಡಿಯಲ್ಲಿದೆ. ಇಳಿಸಿಕೊಂಡವರು ಮೂವತ್ತನಾಲ್ಕು ಮಂದಿ; ಅವರಲ್ಲಿ ನಾವು ನಾಲ್ವರು, ನಮ್ಮ ಹಳೆಯ ಫೋನುಗಳ ಲೆಕ್ಕದಲ್ಲಿ, ಒಂಬತ್ತು ಮಂದಿ. ಹಳೆಯ ಫೋನು ಎಂದಾಗ ನೆನಪಾಯಿತು. ಪರೀಕ್ಷೆಗೆಂದು ನನ್ನದೊಂದು ಫೋನನ್ನು ಮೊದಲ ದಿನವೇ ತಂಡಕ್ಕೆ ಒಪ್ಪಿಸಿದ್ದೆ. ಪರದೆಯ ಎಡ ಮೂಲೆಯಲ್ಲಿ ಬಿರುಕಿದ್ದ, ಚಾರ್ಜರಿನ ತಂತಿಯನ್ನು ಒಂದು ಕೋನದಲ್ಲಿ ಹಿಡಿದರೆ ಮಾತ್ರ ಜೀವ ಹಿಡಿಯುವ ಫೋನು ಅದು. ಸರದಿಯಂತೆ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು. ನಮ್ಮ ಕೋಡಿನ ಪ್ರತಿಯೊಂದು ಸಾಲನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ಕೆಡಿಸಿದರು ಎಂಬುದನ್ನು ಗಿಟ್ ಹೇಳಬಲ್ಲದು. ಫೋನಿನ ಬಗ್ಗೆ ಕೇಳಿದರೆ ಮೂವರೂ, ಆ ಮೊದಲ ಶುಕ್ರವಾರದಂತೆಯೇ, ಒಟ್ಟಿಗೆ ಮೌನವಾಗುತ್ತಾರೆ.

ನಿನ್ನೆ ರಾತ್ರಿ ಆಪನ್ನು ತೆರೆದು, ವಸ್ತು ಎಂಬಲ್ಲಿ "ಹಳೆಯ ಫೋನ್" ಎಂದು ಬರೆದು, "ಉಳಿಸಿ" ಗುಂಡಿಯನ್ನು ಒತ್ತಿದೆ. ಅದು ಬೂದುಬಣ್ಣದಲ್ಲಿಯೇ ಇತ್ತು. ಇನ್ನೊಮ್ಮೆ ಒತ್ತಿದೆ. ಕೆಂಪು ನಕ್ಷತ್ರದ ಕೆಳಗೆ, ನಾನೇ ಬರೆದ ಒಕ್ಕಣೆ ಮೂಡಿತು: "ಯಾರಿಗೆ ಎಂಬುದನ್ನು ತುಂಬದೆ ಮುಂದುವರಿಯುವಂತಿಲ್ಲ."