ಬಟ್ಟೆ ಕ್ಲಿಪ್ಪಿನ ಪುಷ್ಪಕ

ಮಕ್ಕಳಿಂದ ವಿಮಾನ ಮಾಡಿಸುವುದು ಹೇಗೆಂದು ಕಲಿಸುವ ವಿಡಿಯೊಗಳಲ್ಲಿ ಮಕ್ಕಳು ಮಾತ್ರ ಇರುವುದಿಲ್ಲ. ಉಗುರಿಗೆ ಅಂದವಾಗಿ ಬಣ್ಣ ಹಚ್ಚಿದ ಎರಡು ಕೈಗಳು ಬರುತ್ತವೆ. ಬಟ್ಟೆ ಕ್ಲಿಪ್ಪಿಗೆ ಮೇಲೊಂದು ಕೆಳಗೊಂದು ಐಸ್‌ಕ್ರೀಮ್ ಕಡ್ಡಿ ಅಂಟಿಸುತ್ತವೆ, ಬಾಲಕ್ಕೆ ತುಂಡು ಕಡ್ಡಿ ಇಡುತ್ತವೆ, ಹೊಟ್ಟೆಯಡಿ ಚಕ್ರವೆಂದು ಎರಡು ಅಂಗಿ ಗುಂಡಿ. ಸಂಗೀತ ಮುಗಿಯುವುದರೊಳಗೆ ವಿಮಾನ ಸಿದ್ಧ. ಆ ಕೈಗಳಿಗೆ ಒಣಗಿ ಕಟ್ಟಿಕೊಂಡ ಅಂಟಿನ ಬಾಟಲಿಯ ಬಾಯಿ ಬಿಡಿಸಲು ಸೂಜಿ ಹುಡುಕುವ ಪ್ರಮೇಯ ಬರುವುದಿಲ್ಲ. 'ನನಗೆ ಮೊದಲು' ಎಂದು ಯಾರೂ ಅವನ್ನು ಚಿವುಟುವುದಿಲ್ಲ.

ನಮ್ಮ ಮನೆಯಲ್ಲಿ ಇದು ಶುರುವಾದದ್ದು ಒಂದನೇ ತರಗತಿಯ ಡೈರಿಯಿಂದ. 'ಸಾರಿಗೆ ಸಾಧನದ ಮಾದರಿ ತರುವುದು' ಎಂದು ಬರೆದಿತ್ತು. ಬಸ್ಸು, ರೈಲು, ದೋಣಿಗಳನ್ನು ಚುರುಕು ಮಕ್ಕಳು ಆಗಲೇ ಹಂಚಿಕೊಂಡಿದ್ದರಿಂದ ನನ್ನ ಮಗಳ ಪಾಲಿಗೆ ಆಕಾಶ ಉಳಿದಿತ್ತು. ಅವಳ ತಮ್ಮನಿಗೆ ಯಾವ ಹೋಂವರ್ಕೂ ಇರಲಿಲ್ಲವಾದ್ದರಿಂದ ಅವನ ಉತ್ಸಾಹ ಇನ್ನೂ ಹೆಚ್ಚು.

ಕಡ್ಡಿಗಳು ಸ್ಟೇಷನರಿ ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುತ್ತವೆ ಎಂದರೆ ಇಬ್ಬರೂ ನಂಬಲಿಲ್ಲ. ಐಸ್‌ಕ್ರೀಮ್ ಕಡ್ಡಿ ಐಸ್‌ಕ್ರೀಮಿನೊಳಗೇ ಹುಟ್ಟುತ್ತದೆ ಎಂಬುದು ಅವರ ವಾದ. ಆಷಾಢದ ಚಳಿಗಾಳಿಯಲ್ಲಿ ಹೋಗಿ ತಿಂದು ಬಂದರು. ಚಿಕ್ಕವನು ಕುಲ್ಫಿ ತಿಂದಿದ್ದ. ಅದರ ಕಡ್ಡಿ ದುಂಡಗಿತ್ತು, ರೆಕ್ಕೆಗೆ ಬಾರದು. ಹಾಗಾಗಿ ಅವನಿಗೆ ಇನ್ನೊಂದು.

ಮನೆಯಲ್ಲಿದ್ದ ಕ್ಲಿಪ್ಪುಗಳು ಪ್ಲಾಸ್ಟಿಕ್ಕಿನವು. ಬಿಳಿ ಅಂಟು ಹಚ್ಚಿ ಇಟ್ಟ ರೆಕ್ಕೆ, ಕೈಬಿಟ್ಟ ಕೂಡಲೇ ಜಾರಿ ನೆಲಕ್ಕೆ ಬೀಳುತ್ತಿತ್ತು. ಇಷ್ಟು ಹೊತ್ತೂ ಪತ್ರಿಕೆಯ ಹಿಂದೆ ಅಡಗಿ ಕುಳಿತಿದ್ದ ನನ್ನ ಮಾವ ಇನ್ನು ಸಹಿಸಲಾರದೆ ಎದ್ದು ಬಂದರು. ಅವರು ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರು. ಯಾವ ಮಾತನ್ನೇ ಆಡಲಿ, 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದದ್ದರಿಂದಲೇ ಆರಂಭಿಸುವುದು ಅವರ ಕ್ರಮ. ಸೊಪ್ಪಿನ ಬೆಲೆ ಏರಿದ್ದಕ್ಕೂ ಅದೇ ಪೀಠಿಕೆ. ಈ ಅಂಟಿನೊಳಗಿನ ನೀರನ್ನು ಮರ ಹೀರಿಕೊಂಡರಷ್ಟೇ ಅದು ಗಟ್ಟಿಯಾಗಿ ಹಿಡಿಯುತ್ತದೆ, ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ, ಆದ್ದರಿಂದ ಮರದ ಕ್ಲಿಪ್ಪೇ ಆಗಬೇಕು ಎಂದು ಅವರು 1940ರಿಂದ ಇಲ್ಲಿಯವರೆಗೆ ಬಂದು ಮುಗಿಸುವಷ್ಟರಲ್ಲಿ, ಚಿಕ್ಕವನು ಎಲ್ಲಿಂದಲೋ ಒಂದು ಹಿಡಿ ಮರದ ಕ್ಲಿಪ್ಪು ತಂದು ಸುರಿದ. ಕೆಲಸ ಸಾಗಿದರೆ ಸಾಕಾಗಿತ್ತು. ಎಲ್ಲಿಂದ ತಂದೆ ಎಂದು ಯಾರೂ ಕೇಳಲಿಲ್ಲ.

ಅಂಟು ಒಣಗುವವರೆಗೆ ಮಕ್ಕಳನ್ನು ಕೂರಿಸುವುದು ವಿಮಾನ ಮಾಡುವುದಕ್ಕಿಂತ ಕಷ್ಟ. ಮಾವ ಕಥೆ ಹೇಳಲು ಕುಳಿತರು. 1903ರ ಡಿಸೆಂಬರ್ 17ರಂದು ಅಮೆರಿಕದ ಕಡಲ ತೀರದಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನಕ್ಕೂ ಹೀಗೆಯೇ ಮೇಲೊಂದು ಕೆಳಗೊಂದು ರೆಕ್ಕೆ. ಮರದ ಚೌಕಟ್ಟು, ಬಟ್ಟೆಯ ಹೊದಿಕೆ. ಮೊದಲ ಹಾರಾಟ ಹನ್ನೆರಡೇ ಸೆಕೆಂಡು, ದೂರ 120 ಅಡಿ.

"ಅವರು ಕಂಡಕ್ಟರುಗಳಾ ತಾತ?" ಎಂದಳು ಮಗಳು.

"ಯಾರು?"

"ರೈಟ್, ರೈಟ್ ಅನ್ನುವವರು."

ವಿಮಾನದಲ್ಲಿ ಕಂಡಕ್ಟರ್ ಇರುವುದಿಲ್ಲ ಎಂದು ಮಾವ ಎಷ್ಟು ಹೇಳಿದರೂ ಪ್ರಯೋಜನವಾಗಲಿಲ್ಲ. ಟಿಕೆಟ್ ಕೊಡುವವರು ಯಾರು, ಚಿಲ್ಲರೆ ಇಲ್ಲ ಎಂದು ಗದರುವವರು ಯಾರು, ಮುಂದೆ ಹೋಗಿ ಮುಂದೆ ಹೋಗಿ ಎನ್ನುವವರು ಯಾರು? ಕೊನೆಗೆ ಅಳಗುಳಿಮಣೆಯ ಹುಣಸೆ ಬೀಜವೊಂದು ಕಂಡಕ್ಟರಾಗಿ ಬಾಲದ ಬಳಿ ಅಂಟಿಕೊಂಡಿತು. ತಲೆಯ ಮೇಲೆ ತೇಜಸ್ ಗುಡುಗಿಕೊಂಡು ಹೋದರೂ ಕತ್ತೆತ್ತದ ಮಕ್ಕಳು ಈ ಬೀಜ ನೆಟ್ಟಗೆ ನಿಂತಿದೆಯೇ ಎಂದು ನೆಲಕ್ಕೆ ಕೆನ್ನೆ ತಾಗಿಸಿ ನೋಡಿದರು.

ಭಾರ ಹೆಚ್ಚಿಸಬೇಡಿ ಎಂದು ಎಚ್ಚರಿಸಲು ಮಾವ ತಮ್ಮ ಕಾರ್ಖಾನೆಯ ಉದಾಹರಣೆಯನ್ನೇ ತೆಗೆದರು. "ನಮ್ಮಲ್ಲಿ ಪುಷ್ಪಕ್ ಅಂತ ಒಂದು ಪುಟ್ಟ ವಿಮಾನ ಮಾಡುತ್ತಿದ್ದರು. ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಅದರಲ್ಲೇ ಕಲಿಯುತ್ತಿದ್ದರು. ಎರಡೇ ಸೀಟು. ಮೂರನೆಯವರಿಗೆ ಜಾಗವೇ ಇಲ್ಲ."

ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದ ನಮ್ಮ ಅತ್ತೆಯ ಕಿವಿಗೆ ಪುಷ್ಪಕ ಎಂಬುದಷ್ಟೇ ಬಿತ್ತು. "ಅದೇನು ಹಾಗನ್ನುತ್ತೀರಿ? ಲಂಕೆಯಿಂದ ಅಯೋಧ್ಯೆಗೆ ಸುಗ್ರೀವ, ವಿಭೀಷಣ, ಕಪಿಸೇನೆ ಎಲ್ಲ ಅದರಲ್ಲೇ ಬಂದದ್ದು. ಪುಷ್ಪಕದಲ್ಲಿ ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗ ಇದ್ದೇ ಇರುತ್ತದೆ."

ಕಾರ್ಖಾನೆ ಮತ್ತು ರಾಮಾಯಣದ ನಡುವೆ ಮಕ್ಕಳು ಯಾರ ಮಾತು ಹಿಡಿದರು ಎಂದು ಹೇಳಬೇಕಾಗಿಲ್ಲ. ಹುಣಸೆ ಬೀಜಗಳೆಲ್ಲ ಹತ್ತಿದವು. ಚೌಕಾಬಾರದ ಕವಡೆಗಳು ಕುಟುಂಬ ಸಮೇತ ಬಂದವು. ಅತ್ತೆಯ ಕೈಯಿಂದ ಉರುಳಿದ ಅವರೆಕಾಳಿಗೆ ಕಿಟಕಿ ಪಕ್ಕದ ಜಾಗ ಸಿಕ್ಕಿತು. ರಬ್ಬರ್ ಹಲ್ಲಿಯೊಂದು ಮೇಲಿನ ರೆಕ್ಕೆಯುದ್ದಕ್ಕೂ ಮಲಗಿತು. ಅದು ಸ್ಲೀಪರ್ ಕೋಚ್ ಎಂದು ಚಿಕ್ಕವನ ವಿವರಣೆ. ರೆಕ್ಕೆ ಕಿತ್ತುಬಂದಾಗಲೆಲ್ಲ "ಇನ್ನೊಬ್ಬರಿಗೆ ಜಾಗ ಇದೆ" ಎನ್ನುತ್ತಾ ಮತ್ತಷ್ಟು ಅಂಟು ಸುರಿದರು. ಮಾವ ಅಡುಗೆಮನೆಯ ಕಡೆ ಒಮ್ಮೆ ನೋಡಿ, ಮತ್ತೊಂದು ಕ್ಲಿಪ್ಪು ಎತ್ತಿಕೊಂಡು ಗುಟ್ಟಾಗಿ ತಮ್ಮದೇ ವಿಮಾನ ಮಾಡತೊಡಗಿದರು. ರೂಲರ್ ಇಟ್ಟು, ಪೆನ್ಸಿಲಿನಲ್ಲಿ ಗೀಟು ಹಾಕಿ, ಒಬ್ಬ ಪ್ರಯಾಣಿಕನೂ ಇಲ್ಲದೆ.

ಹಾರಿಸುವ ಹೊತ್ತಿಗೆ ಅತ್ತೆಯ ತಕರಾರು ಬಂತು. ಆಷಾಢದಲ್ಲಿ ಯಾರಾದರೂ ಹೊಸ ಗಾಡಿ ಹೊರಗೆ ತೆಗೆಯುತ್ತಾರೆಯೇ? ಕಡೇಪಕ್ಷ ನಿಂಬೆಹಣ್ಣಾದರೂ ಇಡಿ ಎಂದರು. ವಿಮಾನಕ್ಕೆಂಥ ನಿಂಬೆಹಣ್ಣು ಎಂದು ನಗುವಂತಿರಲಿಲ್ಲ. 2019ರ ವಿಜಯದಶಮಿಯಂದು ಫ್ರಾನ್ಸಿನಲ್ಲಿ ನಮ್ಮ ರಕ್ಷಣಾ ಸಚಿವರು ಮೊದಲ ರಫೇಲ್ ಪಡೆದಾಗ ಅದರ ಚಕ್ರದಡಿಯೂ ನಿಂಬೆಹಣ್ಣು ಇತ್ತು. ಆದರೆ ರಫೇಲಿಗೆ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡುವ ತೂಕವಿದೆ. ನಮ್ಮಲ್ಲಿ ನಿಂಬೆಹಣ್ಣೇ ಉರುಳಿ ಬಂದು ವಿಮಾನದ ಒಂದು ಚಕ್ರವನ್ನು ಕಿತ್ತುಹಾಕಿತು.

ಎಲ್ಲರೂ ತಾರಸಿಗೆ ಹೋದೆವು. ಮಕ್ಕಳ ಪುಷ್ಪಕ ಕೈಬಿಟ್ಟ ಜಾಗದಲ್ಲೇ ಬಿತ್ತು, ಪ್ರಯಾಣಿಕರು ದಿಕ್ಕುಪಾಲಾದರು. ಮಕ್ಕಳಿಗೆ ಇದು ಬಹಳ ಇಷ್ಟವಾಗಿ ಮತ್ತೆ ಮತ್ತೆ ಬೀಳಿಸಿದರು. ಮಾವನ ವಿಮಾನ ಗಂಭೀರವಾಗಿ ಹೊರಟು ಮೂತಿ ತಗ್ಗಿಸಿ ನೆಲ ಕಂಡಿತು. "ಮೂತಿ ಭಾರ" ಎಂದು ರೆಕ್ಕೆಯನ್ನು ಮುಂದಕ್ಕೆ ಸರಿಸಿದರು. ಈಗ ಮೂತಿ ಎತ್ತಿ, ಆಕಾಶವನ್ನೊಮ್ಮೆ ನೋಡಿ, ಹಿಮ್ಮುಖವಾಗಿ ಬಿತ್ತು. "ಬಾಲ ಭಾರ." ಇಷ್ಟು ತೂಕದ ಕ್ಲಿಪ್ಪನ್ನು ಎತ್ತಲು ಬೆರಳಗಲದ ಕಡ್ಡಿ ಸಾಲದು, ರೆಕ್ಕೆಗೆ ಅಗಲ ಬೇಕು ಎಂದು ಅವರು ಕೈಯಾಡಿಸಿ ವಿವರಿಸುತ್ತಿದ್ದಾಗಲೇ ಆಷಾಢದ ಗಾಳಿ ಭರ್ರನೆ ಬೀಸಿತು. ತಂತಿಯ ಮೇಲಿದ್ದ ಅವರ ಬಿಳಿ ಪಂಚೆ ತುಂಬಿಕೊಂಡು ಮೇಲೆದ್ದಿತು. ಅದನ್ನು ಹಿಡಿದಿಡಬೇಕಿದ್ದ ಮರದ ಕ್ಲಿಪ್ಪುಗಳೆಲ್ಲ ರೆಕ್ಕೆ ಕಟ್ಟಿಕೊಂಡು ನಮ್ಮ ಕಾಲಬುಡದಲ್ಲಿ ಬಿದ್ದಿದ್ದವು. ಪಂಚೆ ನಮ್ಮ ಕಟ್ಟೆ ದಾಟಿ, ಬೀದಿ ದಾಟಿ, ಎದುರು ಮನೆಯವರ ಡಿಶ್ ಆಂಟೆನಾಕ್ಕೆ ಸುತ್ತಿಕೊಂಡಿತು. 120 ಅಡಿಗೆ ಕಡಿಮೆ ಇರಲಾರದು.

ಪಂಚೆ ಹೋದುದಕ್ಕೆ ಕೋಪ ಮಾಡಿಕೊಳ್ಳುವ ಬದಲು ಮಾವ ಹಿಗ್ಗಿದರು. "ನೋಡಿದಿರಾ? ತೂಕ ಕಡಿಮೆ, ಅಗಲ ಹೆಚ್ಚು. ಹಾರುವುದು ಎಂದರೆ ಹೀಗೆ!"

"ಅದಲ್ಲ ತಾತ," ಎಂದ ಚಿಕ್ಕವನು. "ಅದರಲ್ಲಿ ಯಾರೂ ಹತ್ತಿರಲಿಲ್ಲ. ಖಾಲಿ ಗಾಡಿ, ಅದಕ್ಕೇ ಸ್ಟಾಪಿನಲ್ಲಿ ನಿಲ್ಲಿಸದೆ ಹೋಯಿತು."