ಸೆಕೆ ಅಂತ ಮರಿಗಳ ತುಪ್ಪಟ ಬೋಳಿಸಬೇಡಿ

ಹೊಸದಾಗಿ ಕುರಿ ಸಾಕಣೆಗೆ ಇಳಿದಿರುವ ಗೆಳೆಯರೊಬ್ಬರು ನಿನ್ನೆ ಫೋನ್ ಮಾಡಿದ್ದರು. "ಬಿಸಿಲು ಜಾಸ್ತಿ ಆಗ್ತಿದೆ, ಪಾಪ ಮರಿಗಳಿಗೆ ಸೆಕೆ, ಈ ವಾರ ಎಲ್ಲಾದರ ತುಪ್ಪಟ ತೆಗೆಸಿಬಿಡ್ತೀನಿ" ಅಂದರು. ತುಪ್ಪಟ ಅಂದರೆ ಮೈಮೇಲಿನ ಉಣ್ಣೆ. ದಯವಿಟ್ಟು ಬೇಡ ಅಂದೆ. ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ನಾನೂ ಇದೇ ಮಾಡಿದ್ದೆ. ನಮ್ಮದು ಚಳ್ಳಕೆರೆ ಸೀಮೆ, ಕರಿ ದಖನಿ ಕುರಿ. ಏಪ್ರಿಲ್ 20ರ ಸುಮಾರಿಗೆ ಐದಾರು ತಿಂಗಳ ಹನ್ನೆರಡು ಮರಿಗಳನ್ನು ಹಿಡಿದು, ಮಷಿನ್ ತರಿಸಿ, ಚರ್ಮಕ್ಕೆ ಹತ್ತಿಸಿ ಬೋಳಿಸಿದೆವು. ಮಾರನೇ ದಿನವೇ ಮೇಯೋಕೆ ಬಿಟ್ಟೆ. ವಾರದೊಳಗೆ ಬೆನ್ನಿನ ಚರ್ಮ ಒಣಗಿ ಗಡುಸಾಯಿತು. ಕೈ ಇಟ್ಟರೆ ಸಾಕು, ಮರಿ ಸೊಂಟ ಬಗ್ಗಿಸಿ ತಪ್ಪಿಸಿಕೊಳ್ಳುತ್ತಿತ್ತು. ಅಷ್ಟರಲ್ಲಿ ಭರಣಿ ಮಳೆ ಬಂತು. ಸಂಜೆ ಗಾಳಿ, ಆಲಿಕಲ್ಲು, ರಾತ್ರಿಯೆಲ್ಲ ತಣ್ಣನೆ ಹನಿ. ಬೆಳಗ್ಗೆ ರೊಪ್ಪಕ್ಕೆ ಹೋದರೆ ಎರಡು ಮರಿ ಮೂಲೆಯಲ್ಲಿ ಸೆಟೆದುಕೊಂಡು ಬಿದ್ದಿದ್ದವು. ಅಮ್ಮ ಒಂದು ಮಾತೂ ಬೈಯಲಿಲ್ಲ, ಸುಮ್ನೆ ಉಳಿದ ಮರಿಗಳಿಗೆ ಗೋಣಿಚೀಲ ಕಟ್ಟಿದಳು.

ನಾವು ನಮ್ಮ ಮೈಯಿಂದ ಯೋಚಿಸುತ್ತೇವೆ, ಅದೇ ತಪ್ಪು. ನಮಗೆ ಬೆವರು ಬರುತ್ತದೆ, ಬಟ್ಟೆ ತೆಗೆದರೆ ತಂಪು. ಕುರಿ ಬೆವರೋದು ಕಡಿಮೆ. ಅದು ಮುಖ್ಯವಾಗಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳುತ್ತದೆ. ಬಿಸಿಲಲ್ಲಿ ತುಪ್ಪಟ ಅದಕ್ಕೆ ಚಪ್ಪರ ಇದ್ದ ಹಾಗೆ. ಆಸ್ಟ್ರೇಲಿಯಾದ ಮೆರಿನೋ ಕುರಿಗಳಲ್ಲಿ ಅಳೆದು ನೋಡಿದ್ದಾರೆ, ಕಡು ಬಿಸಿಲಲ್ಲಿ ಉಣ್ಣೆಯ ತುದಿ 80 ಡಿಗ್ರಿ ಸೆಲ್ಸಿಯಸ್ ದಾಟಿದ್ದರೂ ಕೆಳಗಿನ ಚರ್ಮ 42ರ ಆಸುಪಾಸಿನಲ್ಲೇ ಇರುತ್ತದೆ! ನಮ್ಮ ಕುರಿಗಾಹಿಗಳು ಮೇ ತಿಂಗಳಲ್ಲೂ ತಲೆ ಮೇಲೆ ಕಂಬಳಿ ಹಾಕಿಕೊಂಡು ಹಿಂಡಿನ ಹಿಂದೆ ಹೋಗೋದನ್ನು ನೋಡಿದ್ದೀರಿ ಅಲ್ವಾ? ಅವರಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿದ್ದಲ್ಲ.

ಹಾಗಂತ ಕತ್ತರಿಸಲೇಬಾರದು ಅಂತ ನಾನು ಹೇಳುತ್ತಿಲ್ಲ. ನೆರಳಲ್ಲಿ ಕಟ್ಟಿ ಮೇಯಿಸುವ ಮರಿಗೆ ತುಪ್ಪಟ ತೆಗೆದರೆ ನಿಜವಾಗಿಯೂ ಹಗುರ. ಗಾಳಿ ಚರ್ಮಕ್ಕೆ ತಾಗುತ್ತದೆ, ಉಸಿರಾಟ ಇಳಿಯುತ್ತದೆ, ಮೇವು ಜಾಸ್ತಿ ತಿನ್ನುತ್ತದೆ. ಉಣ್ಣಿ, ಮುಳ್ಳುಕಾಯಿ, ಕೊಳೆ ಎಲ್ಲಾ ಹೋಗುತ್ತದೆ. ಆದರೆ ಬಯಲಲ್ಲಿ 40 ಡಿಗ್ರಿ ಬಿಸಿಲಿಗೆ ಮೇಯೋಕೆ ಹೋಗುವ ಮರಿಯ ಕಥೆಯೇ ಬೇರೆ. ಗಾಳಿಯೇ ಮೈಗಿಂತ ಬಿಸಿ ಇದ್ದಾಗ ಬೋಳು ಮೈಗೆ ತಂಪು ಎಲ್ಲಿಂದ ಬರಬೇಕು? ಮರಿ ಕರಿ ಬಣ್ಣದ್ದಾದರೆ ಬಿಸಿಲನ್ನು ಇನ್ನೂ ಹೀರುತ್ತದೆ.

ಈಗ ನಾವು ಶಿವರಾತ್ರಿ ಹೊತ್ತಿಗೇ ಕತ್ತರಿಸಿ ಮುಗಿಸುತ್ತೇವೆ. ಏಪ್ರಿಲ್ ಬರುವಷ್ಟರಲ್ಲಿ ಮತ್ತೆ ಒಂದು ಪದರ ಬೆಳೆದಿರುತ್ತದೆ. ಮರಿಗಳಿಗೆ ಮಷಿನ್ ಹಾಕಿಸೋದು ಬಿಟ್ಟೆ. ಕೈಕತ್ತರಿಯಲ್ಲಿ ಬೆರಳಗಲ ಬಿಟ್ಟು ಕತ್ತರಿಸುವ ಅಜ್ಜ ಒಬ್ಬರಿದ್ದಾರೆ. ಬೆಳಗಿನ ತಂಪಿನಲ್ಲಿ ಬರುತ್ತಾರೆ. ಮರಿಯ ನಾಲ್ಕು ಕಾಲು ಸೇರಿಸಿ ಮೆತ್ತಗೆ ಕಟ್ಟಿ ಮಡಿಲಿಗೆ ಎಳೆದುಕೊಂಡು, ಹೊಟ್ಟೆ ಕಡೆಯಿಂದ ಶುರು ಮಾಡುತ್ತಾರೆ. ಕತ್ತರಿ ತಾಗಿದ ಕಡೆಗೆಲ್ಲ ಬೇವಿನೆಣ್ಣೆ ಅರಿಶಿನ, ಇಲ್ಲದಿದ್ದರೆ ನೊಣ ಕೂತು ಹುಳ ಬೀಳುತ್ತದೆ. ಅಮ್ಮ ಇದಕ್ಕೆ ಮರಿಗಳ ಜಾವಳ ಅಂತಾಳೆ. ಈ ಮೊದಲ ತುಪ್ಪಟದಷ್ಟು ಮೆತ್ತನೆಯದು ಆ ಕುರಿ ಆಮೇಲೆ ಕೊಡೋದೇ ಇಲ್ಲ, ಒಳ್ಳೇ ಕಂಬಳಿಗೆ ಇದೇ ಬೇಕು. ಉಣ್ಣೆಗೆ ಈಗ ರೇಟಿಲ್ಲ, ಕತ್ತರಿಸುವ ಕೂಲಿಯೂ ಹುಟ್ಟೋದಿಲ್ಲ. ಅದಕ್ಕೇ ಯಾವಾಗಲೋ ಒಂದು ದಿನ ಬೋಳಿಸಿ ಬಿಸಾಡುವವರು ಜಾಸ್ತಿ ಆಗಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ಗೆಳೆಯರಿಗೆ ಒಂದು ಕೆಲಸ ಹೇಳಿದ್ದೇನೆ. ಮಧ್ಯಾಹ್ನ ಎರಡು ಗಂಟೆಗೆ ಹೊಂಗೆ ಮರದ ಕೆಳಗೆ ಮರಿಗಳು ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ಇಟ್ಟು ನಿಂತಿರುತ್ತವಲ್ಲ, ಆಗ ಒಂದು ಮರಿಯ ಪಕ್ಕೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿ. ತಂಪು ಹೊತ್ತಲ್ಲಿ 20–30 ಇರುತ್ತದೆ. 100 ದಾಟಿದ್ದರೆ ಮೊದಲು ನೆರಳು, ನೀರು ನೋಡಿ, ಮೇಯಿಸೋದನ್ನು ಬೆಳಗ್ಗೆ ಸಂಜೆಗೆ ಹಾಕಿ. ಕತ್ತರಿ ವಿಷಯ ಆಮೇಲೆ ಮಾತಾಡೋಣ. ಇವತ್ತು ಸಂಜೆ ಎಣಿಕೆ ಹೇಳ್ತೀನಿ ಅಂದಿದ್ದಾರೆ, ಕಾಯುತ್ತಿದ್ದೇನೆ.