ಮನಿಲಾದಲ್ಲಿ ಗೆದ್ದ ಅಲಿ ಮೇಲೆ ನನ್ನದೊಂದು ತಕರಾರು

ಅಕ್ಟೋಬರ್ 1 ಬಂತೆಂದರೆ ಬಾಕ್ಸಿಂಗ್ ಹುಚ್ಚಿನವರ ಫೇಸ್‌ಬುಕ್ ಗೋಡೆಗಳ ತುಂಬ 'ಥ್ರಿಲ್ಲಾ ಇನ್ ಮನಿಲಾ' ವಿಡಿಯೊಗಳು. 1975ರಲ್ಲಿ ಅದೇ ದಿನ ಮುಹಮ್ಮದ್ ಅಲಿ, ಜೋ ಫ್ರೇಜಿಯರ್ ಹೆವಿವೇಟ್ ಪಟ್ಟಕ್ಕಾಗಿ ಕಾದಾಡಿದರು. ಅದು ಅವರಿಬ್ಬರ ಮೂರನೇ ಮುಖಾಮುಖಿ. ಪಂದ್ಯ ಹಂಚಿಕೊಳ್ಳಿ, ಎಷ್ಟು ಸಲ ಬೇಕಾದರೂ ನೋಡುತ್ತೇನೆ. ಆದರೆ ಅದಕ್ಕೂ ಮುಂಚೆ ಪತ್ರಿಕಾಗೋಷ್ಠಿಯಲ್ಲಿ ಅಲಿ ಜೇಬಿನಿಂದ ರಬ್ಬರ್ ಗೊರಿಲ್ಲಾ ತೆಗೆದು, 'ಇವನೇ ಫ್ರೇಜಿಯರ್' ಅಂತ ಗುದ್ದುವ ತುಣುಕಿಗೂ ನಗುವ ಇಮೋಜಿ ಒತ್ತುತ್ತೀರಲ್ಲ, ಅದು ಮಾತ್ರ ನನಗೆ ಸಹಿಸಲಾಗದು.

ಯಾರು ಈ ಫ್ರೇಜಿಯರ್? ಸೌತ್ ಕ್ಯಾರೊಲಿನಾದ ಬಡ ಕೃಷಿಕರ ಮಗ. ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ದುಡಿಯುತ್ತ ಬಾಕ್ಸಿಂಗ್ ಕಲಿತವನು. 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಬದಲಿ ಆಟಗಾರನಾಗಿ ಹೋಗಿ, ಫೈನಲ್‌ನಲ್ಲಿ ಮುರಿದ ಹೆಬ್ಬೆರಳಿಟ್ಟುಕೊಂಡೇ ಆಡಿ ಚಿನ್ನ ತಂದ. 1967ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋಗಲಾರೆ ಎಂದ ಅಲಿಯ ಪಟ್ಟ ಕಿತ್ತುಕೊಂಡು, ಆ ಖಾಲಿ ಪಟ್ಟಕ್ಕೆ ಟೂರ್ನಿ ನಡೆಸಿದಾಗ ಫ್ರೇಜಿಯರ್ ಅದರಲ್ಲಿ ಆಡಲಿಲ್ಲ. ಕೈ ಬರಿದಾಗಿದ್ದ ಅಲಿಗೆ ದುಡ್ಡು ಕೊಟ್ಟ, ಬಾಕ್ಸಿಂಗ್ ಆಡುವ ಲೈಸೆನ್ಸ್ ವಾಪಸ್ ಕೊಡಿ ಅಂತ ಅವನ ಪರವಾಗಿ ಮಾತಾಡಿದ.

ಅಂಥವನನ್ನು ಅಲಿ 1971ರ ಮೊದಲ ಪಂದ್ಯದ ಹೊತ್ತಿಗೆ 'ಬಿಳಿಯರ ಗುಲಾಮ' ಅನ್ನುವ ಅರ್ಥದಲ್ಲಿ ಹೀಯಾಳಿಸಿದ. ಫ್ರೇಜಿಯರ್ ಮಕ್ಕಳು ಶಾಲೆಯಲ್ಲೂ ಹಂಗಿಸಿಕೊಂಡರು. ಆ ಪಂದ್ಯದ 15ನೇ ಸುತ್ತಿನಲ್ಲಿ ಫ್ರೇಜಿಯರ್ ಎಡಗೈ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಗುದ್ದು) ಅಲಿಯನ್ನು ಅಂಗಾತ ಮಲಗಿಸಿತು, ಗೆದ್ದವನೂ ಫ್ರೇಜಿಯರೇ. 1974ರಲ್ಲಿ ಅಲಿ ಅಂಕಗಳ ಮೇಲೆ ಗೆದ್ದ. ಮೂರನೆಯದಕ್ಕೆ ಬರುವಷ್ಟರಲ್ಲಿ ಬೈಗುಳ ಗೊರಿಲ್ಲಾಕ್ಕೆ ಇಳಿದಿತ್ತು. ಕರಿಯರನ್ನು ಮನುಷ್ಯರೇ ಅಲ್ಲ ಅನ್ನಲು ಬಿಳಿಯರು ಬಳಸುತ್ತಿದ್ದ ಬೈಗುಳವದು. ಕರಿಯರ ಸ್ವಾಭಿಮಾನದ ದನಿ ಅಂತ ಜಗತ್ತೇ ಹೊತ್ತು ಮೆರೆಸಿದವನ ಬಾಯಲ್ಲಿ, ಇನ್ನೊಬ್ಬ ಕರಿಯನ ಮೇಲೆ! 'ಥ್ರಿಲ್ಲಾ, ಗೊರಿಲ್ಲಾ, ಮನಿಲಾ' ಅನ್ನುವ ಪ್ರಾಸ ಚೆನ್ನಾಗಿತ್ತು, ಒಪ್ಪೋಣ.

ಇನ್ನು ಪಂದ್ಯ. ಮಾರ್ಷಲ್ ಲಾ ಹೇರಿ ಕೂತಿದ್ದ ಅಧ್ಯಕ್ಷ ಮಾರ್ಕೋಸ್‌ಗೆ ತನ್ನ ಫಿಲಿಪ್ಪೀನ್ಸ್ ಚೆನ್ನಾಗಿದೆ ಅಂತ ಲೋಕಕ್ಕೆ ತೋರಿಸಬೇಕಿತ್ತು. ಅಮೆರಿಕದ ಟಿವಿ ವೇಳೆಗೆ ಹೊಂದಿಸಲು ಮನಿಲಾಕ್ಕೆ ಅಂಟಿಕೊಂಡ ಕ್ವೆಜಾನ್ ಸಿಟಿಯಲ್ಲಿ ಬೆಳಗ್ಗೆಯೇ ಗಂಟೆ ಬಾರಿಸಿದರು. ಕಿಕ್ಕಿರಿದ ಜನ, ಮೇಲೆ ಉರಿಯುವ ದೀಪಗಳು, ಒಳಗೆ ಬೇಯುವ ಸೆಕೆ. ಮೊದಲ ಸುತ್ತುಗಳಲ್ಲಿ ಅಲಿ ನೆಲಕ್ಕೆ ಕಾಲೂರಿ ಹೊಡೆದ, ಬೇಗ ಮುಗಿಸುವ ಆತುರ ಅವನಿಗೆ. ಫ್ರೇಜಿಯರ್ ಬೀಳಲಿಲ್ಲ. ನಡುವಿನ ಸುತ್ತುಗಳಲ್ಲಿ ತಲೆ ತಗ್ಗಿಸಿ ಒಳನುಗ್ಗಿ, ಹಗ್ಗಕ್ಕೆ ಒರಗಿದ ಅಲಿಯ ಪಕ್ಕೆ, ಸೊಂಟ ಅಂತ ನೋಡದೆ ಬಡಿದ. ಆರನೇ ಸುತ್ತಿನ ಆ ಎಡಗೈ ಹುಕ್‌ಗಳನ್ನು ನೋಡಿ, ಬೇರೆ ಯಾರಾದರೂ ಆಗಿದ್ದರೆ ಏಳುತ್ತಿರಲಿಲ್ಲ.

ಫ್ರೇಜಿಯರ್ ಎಡಗಣ್ಣು ವರ್ಷಗಳಿಂದ ಮಂಜು. ಹೊರಗೆ ಗೊತ್ತಾದರೆ ಆಡಲು ಬಿಡುವುದಿಲ್ಲವೆಂದು ಮುಚ್ಚಿಟ್ಟಿದ್ದ. ಕೊನೆಯ ಸುತ್ತುಗಳಿಗೆ ಬಲಗಣ್ಣೂ ಊದಿ ಮುಚ್ಚುತ್ತ ಬಂತು. 13ನೇ ಸುತ್ತಿನಲ್ಲಿ ಅವನ ಬಾಯಿಯ ಗಾರ್ಡ್ ಹಾರಿ ಜನರ ಮಧ್ಯೆ ಬಿತ್ತು. 14ನೆಯದರಲ್ಲಿ ಅಲಿಯ ಬಲಗೈ ಹೊಡೆತಗಳು ಅವನಿಗೆ ಕಾಣುತ್ತಲೇ ಇರಲಿಲ್ಲ, ಸುಮ್ಮನೆ ತಿನ್ನುತ್ತಿದ್ದ. ಸುತ್ತು ಮುಗಿದಾಗ ರೆಫರಿ ಕಾರ್ಲೋಸ್ ಪಡಿಲ್ಲಾ ಅವನನ್ನು ಮೂಲೆಯ ಕಡೆ ತಿರುಗಿಸಿ ಕಳಿಸಬೇಕಾಯಿತು.

ಉಳಿದದ್ದು ಒಂದೇ ಸುತ್ತು. ತರಬೇತುದಾರ ಎಡ್ಡಿ ಫಚ್ ಸಾಕು ಅಂದ. ಫ್ರೇಜಿಯರ್ ಬೇಡವೇ ಬೇಡ ಅಂತ ಎದ್ದ. 'ಕೂತ್ಕೋ ಮಗನೇ, ಮುಗೀತು. ನೀನು ಇವತ್ತು ಇಲ್ಲಿ ಮಾಡಿದ್ದನ್ನ ಯಾರೂ ಮರೆಯೋದಿಲ್ಲ' ಅಂತ ಫಚ್ ಅವನನ್ನು ಕೂರಿಸಿದ. ಅತ್ತ ಗೆದ್ದ ಅಲಿ ಎದ್ದು ನಿಂತು, ರಿಂಗ್‌ನಲ್ಲೇ ಕುಸಿದ. ಸಾವಿಗೆ ಇಷ್ಟು ಹತ್ತಿರ ಹೋಗಿದ್ದೇ ಇಲ್ಲ ಅಂತ ಆಮೇಲೆ ಅವನೇ ಹೇಳಿದ. ಇನ್ನೊಂದು ಸುತ್ತು ಆಡಿಸಿದ್ದರೆ ಅಲಿಯೇ ಎದ್ದು ಬರುತ್ತಿರಲಿಲ್ಲ ಅಂತ ಫಚ್‌ನನ್ನು ಈಗಲೂ ಬೈಯುವವರಿದ್ದಾರೆ. ಆದರೆ ರೆಫರಿ ಮತ್ತು ಇಬ್ಬರು ತೀರ್ಪುಗಾರರು, ಮೂವರ ಅಂಕಗಳ ಲೆಕ್ಕದಲ್ಲೂ ಅಲಿ ಮುಂದಿದ್ದ. ಕಣ್ಣು ಕಾಣದವನನ್ನು ಮೂರು ನಿಮಿಷದ ಜೂಜಿಗೆ ಒಡ್ಡದ ಫಚ್‌ಗೆ ನಾನಂತೂ ಕೈಮುಗಿಯುತ್ತೇನೆ.

'ಅದೆಲ್ಲ ಪ್ರಚಾರಕ್ಕೆ ಆಡಿದ ಮಾತು ಬಿಡ್ರಿ' ಅನ್ನುವವರಿಗೆ ಒಂದು ವಿಷಯ. 2001ರಲ್ಲಿ ಅಲಿಯೂ ಹಾಗೇ ಅಂದ. ಆಡಬಾರದ್ದನ್ನು ಆಡಿದೆ, ಕ್ಷಮಿಸಿ, ಅದೆಲ್ಲ ಪಂದ್ಯದ ಪ್ರಚಾರಕ್ಕೆ ಅಂತ ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ. ಅವನು ಕ್ಷಮೆ ಕೇಳಿದ್ದು ಪೇಪರಿನವರನ್ನು, ನನ್ನನ್ನಲ್ಲ ಅಂತ ಫ್ರೇಜಿಯರ್ ಗೊಣಗಿದ. ಮುದುಕ ಹಟಮಾರಿ ಅಂತ ಆಗ ಅಂದವರೂ ಇದ್ದರು. ನನಗೇನೋ ಅವನ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಕಾಸು ಕೊಟ್ಟಿದ್ದು ಕೈಯಿಂದ ಕೈಗೆ, ಕ್ಷಮೆ ಮಾತ್ರ ಪೇಪರ್ ಮೂಲಕ ಯಾಕೆ?